ಕರಾವಳಿಯ ಹಳೆಯ ಪಿಕಪ್ ಗಾಡಿಯ ಚಾಸಿಗೆ ತುಕ್ಕು: ಪರೀಕ್ಷಿಸುವ ಮತ್ತು ದುರಸ್ತಿ ಮಾಡುವ ಕ್ರಮ

ಮಲ್ಪೆ, ಗಂಗೊಳ್ಳಿ, ಹೊನ್ನಾವರ ಅಥವಾ ಮಂಗಳೂರಿನ ದಕ್ಕೆಯಲ್ಲಿ ಎಂಟು ಹತ್ತು ವರ್ಷ ದುಡಿದ ಪಿಕಪ್ ಗಾಡಿಯನ್ನು ಕೊಳ್ಳಲು ಹೋದವರು ಸಾಮಾನ್ಯವಾಗಿ ಎಂಜಿನ್ನಿನ ಶಬ್ದ ಕೇಳುತ್ತಾರೆ, ಟೈರ್ ನೋಡುತ್ತಾರೆ, ಕ್ಯಾಬಿನ್ನಿನ ಬಣ್ಣ ನೋಡುತ್ತಾರೆ, ಕಾಗದಪತ್ರ ಕೇಳುತ್ತಾರೆ. ಗಾಡಿಯ ಅಡಿಗೆ ಮಲಗಿ ನೋಡುವವರು ಕಡಿಮೆ. ಆದರೆ ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್ ಬಾಕ್ಸ್ ಹಳೆಯದು ಸಿಗುತ್ತದೆ, ಕ್ಯಾಬಿನ್ನಿನ ತಗಡು ತೂತಾದರೆ ಟಿಂಕರಿಂಗ್ ಮಾಡುವವರು ಊರೂರಿನಲ್ಲಿದ್ದಾರೆ. ಇಡೀ ಗಾಡಿಯ ಭಾರವನ್ನು ಹೊರುವ ಚಾಸಿಗೆ ಮಾತ್ರ ಅಷ್ಟು ಸುಲಭದ ಪರಿಹಾರವಿಲ್ಲ. ಗಾಡಿಯನ್ನು ಕಾನೂನು ಗುರುತಿಸುವ ಸಂಖ್ಯೆ ಅದರ ಮೇಲೆಯೇ ಒತ್ತಿರುತ್ತದೆ. ಅದನ್ನು ಬದಲಿಸಲು ಆರ್‌ಟಿಒ ಅನುಮತಿ ಬೇಕು. ಬದಲಿಸುವ ಖರ್ಚು ಎಷ್ಟೋ ಬಾರಿ ಹಳೆಯ ಗಾಡಿಯ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಹಳೆಯ ಪಿಕಪ್ಪಿನ ಪರೀಕ್ಷೆ ಕೆಳಗಿನಿಂದ ಆರಂಭವಾಗಬೇಕು.

ಇಲ್ಲಿ ಹೇಳುವ ಕ್ರಮ ಗಾಡಿ ಕೊಳ್ಳುವವರಿಗೂ ಈಗಾಗಲೇ ಗಾಡಿ ಇರುವವರಿಗೂ ಒಂದೇ. ಬೊಲೆರೊ ಪಿಕಪ್, ಟಾಟಾ 207, ಟಾಟಾ ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್ ಮುಂತಾದ ಗಾಡಿಗಳೆಲ್ಲ ಏಣಿಯ ಆಕಾರದ, ಅಂದರೆ ಎರಡು ಉದ್ದ ಉಕ್ಕಿನ ಪಟ್ಟಿಗಳನ್ನು ಅಡ್ಡಪಟ್ಟಿಗಳಿಂದ ಜೋಡಿಸಿದ, ಚಾಸಿಯ ಮೇಲೆ ನಿಂತಿರುವುದರಿಂದ ಮಾದರಿ ಬೇರೆಯಾದರೂ ನೋಡಬೇಕಾದ ಜಾಗಗಳು ಹೆಚ್ಚು ಬೇರೆಯಾಗುವುದಿಲ್ಲ.

ಉಪ್ಪು ಮಾಡುವ ಕೆಲಸ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಸೇರಿದಾಗ ಆ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವ ದ್ರಾವಣವಾಗಿ ಕ್ರಿಯೆಯ ವೇಗ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕರಾವಳಿಯಲ್ಲಿ ಉಪ್ಪಿನ ಇನ್ನೊಂದು ಗುಣ ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75ನ್ನು ದಾಟಿದರೆ ಅಡುಗೆ ಉಪ್ಪು ಗಾಳಿಯಿಂದ ತೇವ ಹೀರಿ ತಾನಾಗಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಶೇ. 33ರ ಆಸುಪಾಸಿನಲ್ಲಿಯೇ ಹಾಗೆ ಮಾಡುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವಂತೆ ಚಾಸಿಯ ಒಳಗೆ ಕುಳಿತ ಉಪ್ಪೂ ನೀರು ಬಿಡುತ್ತದೆ. ಹೀಗಾಗಿ ಗಾಡಿಯನ್ನು ಶೆಡ್ಡಿನೊಳಗೆ ನಿಲ್ಲಿಸಿದರೂ, ವಾರಗಟ್ಟಲೆ ಹೊರಗೆ ತೆಗೆಯದಿದ್ದರೂ, ಉಪ್ಪು ಅಂಟಿದ ಉಕ್ಕು ಒದ್ದೆಯಾಗಿಯೇ ಇರುತ್ತದೆ. ತೊಳೆಯದೆ ನಿಲ್ಲಿಸಿದ ಗಾಡಿ ದಿನಾ ಓಡುವ ಗಾಡಿಗಿಂತ ಬೇಗ ಹಾಳಾಗುವುದಕ್ಕೆ ಇದೇ ಕಾರಣ.

ಮೀನಿನ ಗಾಡಿಯಲ್ಲಿ ಈ ಉಪ್ಪು ಮೇಲಿನಿಂದ ಬರುತ್ತದೆ. ಕ್ರೇಟಿನಲ್ಲಿ ಮೀನಿನ ಜೊತೆ ತುಂಬಿದ ಐಸ್ ಕರಗಿ, ಮೀನಿನ ಮೈಯ ಉಪ್ಪುನೀರಿನೊಂದಿಗೆ ಸೇರಿ ಲೋಡ್ ಬಾಡಿಯ ನೆಲದ ಸಂದುಗಳಿಂದ ನೇರವಾಗಿ ಚಾಸಿಯ ಮೇಲೆ ಸುರಿಯುತ್ತದೆ. ಆ ನೀರಿನಲ್ಲಿರುವ ರಕ್ತ, ಲೋಳೆ, ಸಿಪ್ಪೆಗಳು ಧೂಳಿನೊಂದಿಗೆ ಕೂಡಿ ಒಣಗದ ಕೆಸರಾಗುತ್ತವೆ. ಮೀನು ಸಾಗಿಸದ ಗಾಡಿಗಳೆಲ್ಲ ಸುರಕ್ಷಿತವೆಂದಲ್ಲ. ಸಾಣಿಕಟ್ಟೆಯ ಉಪ್ಪು ಹೊತ್ತವು, ತೋಟಗಳಿಗೆ ಪೊಟ್ಯಾಷ್ ಗೊಬ್ಬರ ಹೊತ್ತವು ಕೂಡ ಇದೇ ಸಾಲಿಗೆ ಸೇರುತ್ತವೆ. ಪೊಟ್ಯಾಷ್ ಎಂದು ನಾವು ಕೊಳ್ಳುವ ಗೊಬ್ಬರ ಬಹುಮಟ್ಟಿಗೆ ಪೊಟ್ಯಾಸಿಯಂ ಕ್ಲೋರೈಡೇ ಆಗಿರುತ್ತದೆ. ಕೊಳ್ಳುವಾಗ ‘ಗಾಡಿ ಎಷ್ಟು ಕಿಲೋಮೀಟರ್ ಓಡಿದೆ’ ಎಂಬ ಪ್ರಶ್ನೆಗಿಂತ ‘ಏನು ಹೊತ್ತು ಓಡಿದೆ’ ಎಂಬ ಪ್ರಶ್ನೆಯೇ ಹೆಚ್ಚಿನದನ್ನು ತಿಳಿಸುತ್ತದೆ.

ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಇದೇ ಸಮಸ್ಯೆ ದೊಡ್ಡ ಕಾನೂನು ವಿವಾದವಾಗಿತ್ತು. ಟೊಯೋಟಾ ಕಂಪನಿ ತನ್ನ ಟಕೋಮಾ ಪಿಕಪ್ಪಿನ 1995ರಿಂದ 2000ರವರೆಗಿನ ಮಾದರಿಗಳ ಚಾಸಿಗೆ 2008ರಲ್ಲಿ ತುಕ್ಕಿನ ವಾರಂಟಿಯನ್ನು 15 ವರ್ಷಗಳಿಗೆ ವಿಸ್ತರಿಸಿತು ಮತ್ತು ತೀರಾ ಹದಗೆಟ್ಟ ಗಾಡಿಗಳನ್ನು ಮರಳಿ ಕೊಂಡಿತು. 2005ರಿಂದ 2010ರ ಟಕೋಮಾ ಹಾಗೂ ಅದೇ ಕಂಪನಿಯ ಟಂಡ್ರಾ, ಸಿಕೋಯಾ ಗಾಡಿಗಳ ಕೆಲವು ವರ್ಷಗಳ ಮಾದರಿಗಳಿಗೆ, ಒಟ್ಟು ಸುಮಾರು 15 ಲಕ್ಷ ವಾಹನಗಳಿಗೆ, 2016ರಲ್ಲಿ ನ್ಯಾಯಾಲಯದ ಮೂಲಕ ಒಪ್ಪಂದವಾಯಿತು. ಆ ಒಪ್ಪಂದದ ಒಂದು ಅಳತೆಯನ್ನು ನಾವೂ ಬಳಸಿಕೊಳ್ಳಬಹುದು: ತುಕ್ಕಿನಿಂದ ಚಾಸಿಯಲ್ಲಿ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ತೂತು ಬಿದ್ದಿದ್ದರೆ ಆ ಚಾಸಿಯನ್ನು ಬದಲಿಸಬೇಕೆಂದು ಅಲ್ಲಿ ನಿರ್ಧರಿಸಲಾಗಿತ್ತು. ಅಂಥ ರಾಜ್ಯಗಳಲ್ಲಿ ನೆಲೆಸಿ ಹಳೆಯ ಪಿಕಪ್ ಕೊಳ್ಳುವ ಕನ್ನಡಿಗರಿಗೂ ಮುಂದಿನ ಪರೀಕ್ಷೆಯ ಕ್ರಮ ಹಾಗೆಯೇ ಹೊಂದುತ್ತದೆ.

ಮೊದಲ ಹೆಜ್ಜೆ: ದೂರದಿಂದ ನೋಡುವುದು

ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ಖಾಲಿಯಾಗಿ ನಿಲ್ಲಿಸಿ, ಇಪ್ಪತ್ತು ಅಡಿ ದೂರದಿಂದ ಪಕ್ಕಕ್ಕೆ ನಿಂತು ಕ್ಯಾಬಿನ್ ಮತ್ತು ಲೋಡ್ ಬಾಡಿಯ ನಡುವಿನ ಸಂದನ್ನು ಗಮನಿಸಬೇಕು. ಆ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಾಗಿರಬೇಕು. ಮೇಲ್ಭಾಗದಲ್ಲಿ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಚಾಸಿ ನಡುವಿನಲ್ಲಿ ಕುಸಿದಿದೆ ಎಂದು ಅನುಮಾನಿಸಬೇಕು. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಹಿಂಭಾಗ ಕೆಳಗೆ ಬಾಗಿದೆ ಎಂದರ್ಥ. ಬಾಡಿಯ ಪ್ಯಾಕಿಂಗ್ ಕೊಳೆತು ಕುಳಿತಿದ್ದರೂ ಹೀಗೆ ಕಾಣಬಹುದಾದ್ದರಿಂದ ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು, ಆದರೆ ಕೆಳಗೆ ಹೋದಾಗ ಎಲ್ಲಿ ಹೆಚ್ಚು ಹುಡುಕಬೇಕೆಂಬುದು ಇದರಿಂದ ಗೊತ್ತಾಗುತ್ತದೆ. ಹಿಂದಿನಿಂದ ನೋಡಿದಾಗ ಗಾಡಿ ಒಂದು ಕಡೆಗೆ ವಾಲಿದ್ದರೆ ಆ ಕಡೆಯ ಲೀಫ್ ಸ್ಪ್ರಿಂಗಿನ ಪ್ಲೇಟ್ ಮುರಿದಿರಬಹುದು, ಇಲ್ಲವೇ ಸ್ಪ್ರಿಂಗನ್ನು ಹಿಡಿದ ಬ್ರಾಕೆಟ್ ಚಾಸಿಯೊಳಕ್ಕೆ ಒತ್ತಿಕೊಂಡಿರಬಹುದು. ಎರಡನೆಯದಾದರೆ ವ್ಯಾಪಾರ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಅಡಿಗೆ ಹೋಗುವುದು

ವಾಟರ್ ಸರ್ವಿಸ್ ಅಂಗಡಿಯ ರ‍್ಯಾಂಪ್ ಅಥವಾ ಗ್ಯಾರೇಜಿನ ಗುಂಡಿ ಸಿಕ್ಕರೆ ಅತ್ಯುತ್ತಮ. ಸಿಗದಿದ್ದರೆ ಜ್ಯಾಕಿನಿಂದ ಎತ್ತಿದ ಮೇಲೆ ಗಟ್ಟಿಯಾದ ಸ್ಟ್ಯಾಂಡ್ ಕೊಡದೆ ಯಾರೂ ಅಡಿಗೆ ಹೋಗಬಾರದು. ತುಕ್ಕು ಹಿಡಿದಿರಬಹುದಾದ ಗಾಡಿಯಲ್ಲಿ ಜ್ಯಾಕನ್ನೂ ಸ್ಟ್ಯಾಂಡನ್ನೂ ಚಾಸಿಯ ಪಟ್ಟಿಗೆ ಕೊಡಬಾರದು, ಆಕ್ಸಲ್ಲಿಗೆ ಕೊಡಬೇಕು. ಒಳಗೆ ಟೊಳ್ಳಾದ ಪಟ್ಟಿ ಜ್ಯಾಕಿನ ತಲೆಯನ್ನು ನುಂಗಿಕೊಂಡು ಗಾಡಿ ಕೆಳಗಿಳಿಯುವುದು ಅಪರೂಪದ ಸಂಗತಿಯೇನಲ್ಲ.

ಕೈಯಲ್ಲಿ ಬೇಕಾದವು ಕೆಲವೇ: ಒಳ್ಳೆಯ ಟಾರ್ಚ್, ಸಣ್ಣ ಸುತ್ತಿಗೆ, ಹಳೆಯ ಚಪ್ಪಟೆ ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ, ತಂತಿ ಬ್ರಷ್, ಕಣ್ಣಿಗೆ ಕನ್ನಡಕ. ಸಾಧ್ಯವಾದರೆ ಮೊಬೈಲ್ ಫೋನಿಗೆ ಜೋಡಿಸುವ, ಉದ್ದ ತಂತಿಯ ತುದಿಯಲ್ಲಿ ಕ್ಯಾಮೆರಾ ಇರುವ ಸಾಧನವನ್ನೂ ಒಯ್ಯಬೇಕು. ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ಚಾಸಿಪಟ್ಟಿಯ ಒಳಭಾಗವನ್ನು ನೋಡಲು ಬೇರೆ ಸುಲಭ ದಾರಿಯಿಲ್ಲ.

ಅಡಿಗೆ ಹೋದಾಗ ಎಲ್ಲವೂ ಹೊಸ ಕಪ್ಪು ಬಣ್ಣದಿಂದ ಹೊಳೆಯುತ್ತಿದ್ದರೆ ಸಂತೋಷಪಡಬೇಕಾಗಿಲ್ಲ. ಹತ್ತು ವರ್ಷದ ಗಾಡಿಯ ಅಡಿಭಾಗ ಹತ್ತು ವರ್ಷದ್ದಾಗಿಯೇ ಕಾಣಬೇಕು. ಮಾರುವ ಮುಂಚೆ ಬಳಿದ ದಪ್ಪ ಬಿಟುಮೆನ್ ಕೋಟಿಂಗ್ ತುಕ್ಕನ್ನು ನಿಲ್ಲಿಸುವುದಿಲ್ಲ, ಅದನ್ನು ಕಣ್ಣಿನಿಂದ ಮರೆಮಾಡಿ ಅದರ ಕೆಳಗೆ ತೇವವನ್ನು ಕೂಡಿಹಾಕುತ್ತದೆ. ನಾನಾಗಿದ್ದರೆ ಮೇಲ್ಮೈಯ ಕೆಂಪು ತುಕ್ಕು ಪೂರ್ತಿ ಕಾಣುವ ಗಾಡಿಯನ್ನು ಹೊಸದಾಗಿ ಕಪ್ಪು ಬಳಿದ ಗಾಡಿಗಿಂತ ಹೆಚ್ಚು ನಂಬುತ್ತೇನೆ.

ಮೂರನೆಯ ಹೆಜ್ಜೆ: ಎಲ್ಲಿ ನೋಡಬೇಕು

ಚಾಸಿಯ ತುಕ್ಕು ಸಮನಾಗಿ ಹರಡುವುದಿಲ್ಲ. ನೀರು ನಿಲ್ಲುವ, ಕೆಸರು ಕೂರುವ, ಎರಡು ತಗಡುಗಳು ಒಂದರ ಮೇಲೊಂದು ಕೂರುವ ಜಾಗಗಳನ್ನು ಅದು ಹುಡುಕಿಕೊಂಡು ಹೋಗುತ್ತದೆ. ನಡುವಿನ ಪಟ್ಟಿ ಹೊಸದರಂತಿದ್ದು ಹಿಂದಿನ ಮೂರಡಿ ಪುಡಿಯಾಗಿರುವ ಗಾಡಿಗಳು ಸಾಮಾನ್ಯ.

ಮೊದಲು ಹಿಂದಿನ ಆಕ್ಸಲ್ಲಿನ ಮೇಲೆ ಚಾಸಿ ಎತ್ತರಕ್ಕೆ ಬಾಗುವ ಜಾಗವನ್ನು ನೋಡಬೇಕು. ಚಕ್ರ ಎರಚುವ ಕೆಸರು ಅಲ್ಲಿ ಬಾಗಿನ ಒಳಗೆ ಸೇರಿಕೊಳ್ಳುತ್ತದೆ, ಬಾಡಿಯಿಂದ ಇಳಿಯುವ ನೀರೂ ಅಲ್ಲಿಗೇ ಬರುತ್ತದೆ, ಹೊರೆಯ ಭಾರವೂ ಅಲ್ಲಿಯೇ ಹೆಚ್ಚು. ಅನಂತರ ಲೀಫ್ ಸ್ಪ್ರಿಂಗಿನ ಎರಡು ತುದಿಗಳನ್ನು ಚಾಸಿಗೆ ಹಿಡಿದಿಡುವ ಮುಂದಿನ ಹ್ಯಾಂಗರ್ ಮತ್ತು ಹಿಂದಿನ ಶ್ಯಾಕಲ್ ಬ್ರಾಕೆಟ್. ಇವು ರಿವೆಟ್ ಇಲ್ಲವೇ ಬೋಲ್ಟಿನಿಂದ ಚಾಸಿಗೆ ಕೂತಿರುವುದರಿಂದ ಎರಡು ತಗಡುಗಳ ನಡುವಿನ ಸೂಕ್ಷ್ಮ ಸಂದಿನಲ್ಲಿ ಉಪ್ಪುನೀರು ಸೇರಿ ಒಣಗದೆ ಉಳಿಯುತ್ತದೆ. ತುಕ್ಕು ಅದು ತಿಂದ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಆ ತಗಡುಗಳು ನಿಧಾನವಾಗಿ ಒಂದರಿಂದ ಒಂದು ದೂರ ಸರಿಯುತ್ತವೆ, ರಿವೆಟ್ಟುಗಳ ನಡುವೆ ತಗಡು ಉಬ್ಬಿದಂತೆ ಕಾಣುತ್ತದೆ. ಆ ಉಬ್ಬು ಕಂಡರೆ ಒಳಗೆ ಉಕ್ಕು ಗಣನೀಯವಾಗಿ ತೆಳ್ಳಗಾಗಿದೆ ಎಂದು ತಿಳಿಯಬಹುದು. ರಿವೆಟ್ಟಿನ ತಲೆಯ ಸುತ್ತ ಕೆಂಪು ನೀರು ಇಳಿದ ಗೆರೆಗಳಿದ್ದರೆ ಆ ರಿವೆಟ್ ಸಡಿಲಗೊಂಡು ಅಲುಗುತ್ತಿದೆ.

ಲೋಡ್ ಬಾಡಿ ಚಾಸಿಯ ಮೇಲೆ ಕೂರುವ ಗೆರೆಯನ್ನು ಹೆಚ್ಚಿನವರು ನೋಡುವುದೇ ಇಲ್ಲ, ಏಕೆಂದರೆ ಅದು ಕೆಳಗಿನಿಂದ ಕಾಣುವುದಿಲ್ಲ. ಹೊರಗೆ ಕಟ್ಟಿಸಿದ ಬಾಡಿಗಳಲ್ಲಿ ಚಾಸಿಗೂ ಬಾಡಿಯ ಉದ್ದ ತೊಲೆಗೂ ನಡುವೆ ಮರದ ಪಟ್ಟಿ ಅಥವಾ ರಬ್ಬರ್ ಕೊಟ್ಟು ಯು ಬೋಲ್ಟಿನಿಂದ ಬಿಗಿದಿರುತ್ತಾರೆ. ನೆಂದ ಮರ ತಿಂಗಳುಗಟ್ಟಲೆ ಉಪ್ಪುನೀರನ್ನು ಹಿಡಿದಿಟ್ಟುಕೊಂಡು ಚಾಸಿಯ ಮೇಲ್ಭಾಗದ ಅಂಚನ್ನು ಕೊರೆಯುತ್ತದೆ. ಪಕ್ಕದಿಂದ ಟಾರ್ಚ್ ಬಿಟ್ಟು ಮರದ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನಿಂದ ಕೆದಕಿದರೆ ಹಾಳೆಹಾಳೆಯಾಗಿ ಏಳುವ ತುಕ್ಕು ಹೊರಬರಬಹುದು. ಗಾಡಿ ನಿಮ್ಮದೇ ಆಗಿದ್ದು ಯಾವುದೋ ಕಾರಣಕ್ಕೆ ಬಾಡಿ ಇಳಿಸುವ ಸಂದರ್ಭ ಬಂದರೆ ಆ ಅವಕಾಶವನ್ನು ಈ ಜಾಗಕ್ಕಾಗಿ ತಪ್ಪದೆ ಬಳಸಿಕೊಳ್ಳಬೇಕು.

ಡೀಸೆಲ್ ಟ್ಯಾಂಕಿನ ಹಿಂದೆ, ಸ್ಟೆಪ್ನಿ ತೂಗುವ ಅಡ್ಡಪಟ್ಟಿಯ ಮೇಲೆ, ಕ್ಯಾಬಿನ್ನಿನ ಹಿಂದಿನ ರಬ್ಬರ್ ಮೌಂಟುಗಳ ಸುತ್ತ ಕೂಡ ನೋಡಬೇಕು. ಬ್ಯಾಟರಿಯನ್ನು ಚಾಸಿಯ ಪಕ್ಕದಲ್ಲೇ ಕೂರಿಸಿದ ಗಾಡಿಗಳಲ್ಲಿ ಆಸಿಡ್ ತೊಟ್ಟಿಕ್ಕಿದ ಜಾಗ ಬೇರೆಲ್ಲ ಚೆನ್ನಾಗಿದ್ದಾಗಲೂ ತೂತಾಗಿರಬಹುದು. ಮುಂಭಾಗದಲ್ಲಿ ಎಂಜಿನ್ ಆಯಿಲ್ ಸೋರಿ ಹರಡಿರುವುದರಿಂದ ತುಕ್ಕು ಸಾಮಾನ್ಯವಾಗಿ ಕಡಿಮೆ. ಹಳೆಯ ಎಂಜಿನ್ನಿನ ಸೋರಿಕೆಯಿಂದ ಆಗುವ ಒಂದೇ ಉಪಕಾರ ಅದು. ಹಾಗಿದ್ದರೂ ಸ್ಟಿಯರಿಂಗ್ ಬಾಕ್ಸ್ ಚಾಸಿಗೆ ಕೂತ ಜಾಗವನ್ನು ಒರೆಸಿ ಬಿರುಕುಗಳಿಗಾಗಿ ನೋಡದೆ ಬಿಡಬಾರದು.

ಚಾಸಿಯ ಉದ್ದಕ್ಕೂ ಓಡುವ ಬ್ರೇಕ್ ಪೈಪನ್ನು ಇದೇ ಸಮಯದಲ್ಲಿ ಪರೀಕ್ಷಿಸಬೇಕು. ಉಕ್ಕಿನ ಪೈಪು ಕ್ಲಿಪ್ಪಿನ ಕೆಳಗೆ ಮೊದಲು ಕೊಳೆಯುತ್ತದೆ, ಕ್ಲಿಪ್ ಎತ್ತಿ ನೋಡದಿದ್ದರೆ ತಿಳಿಯುವುದಿಲ್ಲ. ಚಾಸಿ ತೂತಾದ ಗಾಡಿ ಇನ್ನೂ ಕೆಲವು ತಿಂಗಳು ಓಡಬಹುದು. ಬ್ರೇಕ್ ಪೈಪ್ ತೂತಾದ ಗಾಡಿ ಆಗುಂಬೆ ಅಥವಾ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಅಷ್ಟು ಅವಕಾಶ ಕೊಡುವುದಿಲ್ಲ.

ನಾಲ್ಕನೆಯ ಹೆಜ್ಜೆ: ಬಡಿದು, ಚುಚ್ಚಿ, ಅಳೆಯುವುದು

ಸುತ್ತಿಗೆಯಿಂದ ಚಾಸಿಯ ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಗೇಣಿಗೊಂದರಂತೆ ಹಗುರವಾಗಿ ಬಡಿಯುತ್ತಾ ಹೋಗಬೇಕು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ ಮತ್ತು ಸುತ್ತಿಗೆ ಪುಟಿಯುತ್ತದೆ. ತುಕ್ಕು ತಿಂದ ಜಾಗ ಮಂಕಾಗಿ ದಬ್ ಎನ್ನುತ್ತದೆ, ಪುಡಿ ಉದುರುತ್ತದೆ. ಮುಚ್ಚಿದ ಪೆಟ್ಟಿಗೆಪಟ್ಟಿಯಾಗಿದ್ದರೆ ಬಡಿದಾಗ ಒಳಗೆ ಹಾಳೆಗಳು ಗಲಗಲ ಸರಿಯುವ ಶಬ್ದ ಕೇಳುತ್ತದೆಯೇ ಎಂದು ಗಮನಿಸಬೇಕು. ಹೊರಗಿನ ಬಣ್ಣ ಚೆನ್ನಾಗಿದ್ದೂ ಆ ಶಬ್ದ ಬಂದರೆ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತಿದೆ. ಮಂಕು ಶಬ್ದ ಬಂದ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಸ್ಕ್ರೂಡ್ರೈವರಿನಿಂದ ಬಲವಾಗಿ ಚುಚ್ಚಿ ನೋಡಬೇಕು. ಮಾರುವವರು ಇದಕ್ಕೆ ಒಪ್ಪದಿದ್ದರೆ ಕಾರಣವನ್ನು ಕೇಳುವ ಅಗತ್ಯವಿಲ್ಲ.

ಅಯಸ್ಕಾಂತದ ಕೆಲಸ ಪುಟ್ಟಿ ಹಿಡಿಯುವುದು. ತೂತಿನ ಮೇಲೆ ಫೈಬರ್ ಬಟ್ಟೆ ಅಥವಾ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಲ್ಲಿ ಅದು ಅಂಟುವುದಿಲ್ಲ.

ಈ ಗಾತ್ರದ ಗಾಡಿಗಳ ಚಾಸಿ ತಗಡು ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಅದೇ ಪಟ್ಟಿಯ ಒಳ್ಳೆಯ ಜಾಗವೊಂದರಲ್ಲಿ ವರ್ನಿಯರ್ ಕ್ಯಾಲಿಪರಿನಿಂದ ಅಂಚಿನ ದಪ್ಪ ಅಳೆದು, ತುಕ್ಕು ಕೆರೆದ ಜಾಗದ ದಪ್ಪದೊಂದಿಗೆ ಹೋಲಿಸಬೇಕು. ಮೂಲ ದಪ್ಪದ ಕಾಲು ಭಾಗಕ್ಕಿಂತ ಹೆಚ್ಚು ಕಳೆದಿದ್ದರೆ, ತೂತು ಬೀಳದಿದ್ದರೂ, ಅದನ್ನು ಮೇಲ್ಮೈ ತುಕ್ಕೆಂದು ಬಿಡದೆ ಬಲಪಡಿಸಬೇಕಾದ ಜಾಗವೆಂದು ಪರಿಗಣಿಸುವುದು ನನ್ನ ಅಭಿಪ್ರಾಯದಲ್ಲಿ ಕ್ಷೇಮ. ಹಾನಿ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಹೊರೆ ಬಿದ್ದಾಗ ಬಾಗುವ ಒತ್ತಡವನ್ನು ಪಟ್ಟಿಯ ಮೇಲಿನ ಮತ್ತು ಕೆಳಗಿನ ಅಡ್ಡ ಅಂಚುಗಳು ಹೆಚ್ಚಾಗಿ ಹೊರುತ್ತವೆ, ನಡುವಿನ ಲಂಬ ಭಾಗದ ಪಾಲು ಕಡಿಮೆ. ಕಾರ್ಖಾನೆಯವರು ಪೈಪು, ವೈರುಗಳಿಗೆ ತೂತು ಕೊರೆಯುವಾಗ ಲಂಬ ಭಾಗದ ನಡುವನ್ನೇ ಆರಿಸುವುದು ಅದಕ್ಕಾಗಿ. ಆದ್ದರಿಂದ ಕೆಳ ಅಂಚಿನಲ್ಲಿ ಬಿದ್ದ ಸಣ್ಣ ತೂತು ಲಂಬ ಭಾಗದ ನಡುವಿನ ದೊಡ್ಡ ತೂತಿಗಿಂತ ಅಪಾಯಕಾರಿ.

ಐದನೆಯ ಹೆಜ್ಜೆ: ಚಾಸಿ ಸಂಖ್ಯೆ

ಇದನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಅರ್ಹತಾ ಪತ್ರ, ಅಂದರೆ ಎಫ್‌ಸಿ, ನವೀಕರಿಸಬೇಕು. ಆಗ ಚಾಸಿಯ ಮೇಲೆ ಒತ್ತಿದ ಸಂಖ್ಯೆಯನ್ನು ಆರ್‌ಸಿಯೊಂದಿಗೆ ಹೋಲಿಸುತ್ತಾರೆ. ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುವಾಗ ತುಕ್ಕಿನಿಂದ ಒಂದೆರಡು ಅಂಕಿಗಳು ಮೂಡದೇ ಹೋದರೆ ಕೆಲಸ ನಿಲ್ಲುತ್ತದೆ. ಸಂಖ್ಯೆಯನ್ನು ಮತ್ತೆ ಒತ್ತಿಸಲು ಆರ್‌ಟಿಒ ಅನುಮತಿ ಬೇಕು, ಸ್ವಂತವಾಗಿ ಒತ್ತಿಸಿದರೆ ಕಳವಿನ ಗಾಡಿಯೆಂಬ ಅನುಮಾನಕ್ಕೆ ಗುರಿಯಾಗಬೇಕಾಗುತ್ತದೆ.

ಕೊಳ್ಳುವ ಮುನ್ನ ಈ ಪ್ರಿಂಟನ್ನು ನೀವೇ ತೆಗೆದು ನೋಡಬೇಕು. ಗಾಡಿ ನಿಮ್ಮದಾಗಿದ್ದರೆ ಆ ಜಾಗಕ್ಕೆ ಗ್ರೈಂಡರ್ ತಾಗಿಸದೆ ಸೀಮೆಎಣ್ಣೆ ಮತ್ತು ಮೆದು ಬ್ರಷ್ಷಿನಿಂದ ಶುಚಿ ಮಾಡಿ, ಬಣ್ಣದ ಬದಲು ಗ್ರೀಸ್ ಸವರಬೇಕು. ದಪ್ಪ ಬಣ್ಣ ಅಂಕಿಗಳನ್ನು ತುಂಬಿಬಿಡುತ್ತದೆ. ಅಂಡರ್ ಕೋಟಿಂಗ್ ಮಾಡುವವರಿಗೂ ವೆಲ್ಡಿಂಗಿನವರಿಗೂ ಈ ಜಾಗವನ್ನು ಕೈಯಿಟ್ಟು ತೋರಿಸಿ ಹೇಳಬೇಕು.

ಆರನೆಯ ಹೆಜ್ಜೆ: ಮೇಲ್ಮೈ ತುಕ್ಕಿಗೆ ಚಿಕಿತ್ಸೆ

ಬಡಿದಾಗ ಗಟ್ಟಿ ಶಬ್ದ ಬಂದು ಮೇಲೆ ಮಾತ್ರ ಕೆಂಪಾಗಿರುವ ಚಾಸಿಯನ್ನು ಉಳಿಸಬಹುದು. ಇದರಲ್ಲಿ ಅತ್ಯಂತ ಮುಖ್ಯವಾದ ಕೆಲಸ ಬಣ್ಣ ಬಳಿಯುವುದಲ್ಲ, ಉಪ್ಪನ್ನು ತೆಗೆಯುವುದು. ಉಪ್ಪು ಉಳಿದ ಉಕ್ಕಿನ ಮೇಲೆ ಎಷ್ಟೇ ಬೆಲೆಯ ಬಣ್ಣ ಬಳಿದರೂ ಒಂದೆರಡು ಮಳೆಗಾಲದೊಳಗೆ ಗುಳ್ಳೆ ಎದ್ದು ಕೀಳುತ್ತದೆ. ಹೆಚ್ಚಿನ ಒತ್ತಡದ ಸಿಹಿನೀರಿನಿಂದ, ಪಟ್ಟಿಯ ಹೊರಗಷ್ಟೇ ಅಲ್ಲದೆ ಅದರ ಒಳಗೆ, ತೂತುಗಳ ಮೂಲಕ, ಕೆಸರು ಬರುವುದು ನಿಂತು ತಿಳಿನೀರು ಬರುವವರೆಗೆ ತೊಳೆಯಬೇಕು. ಕಡಲಿಗೆ ಹತ್ತಿರದ ವಾಟರ್ ಸರ್ವಿಸ್ ಅಂಗಡಿಗಳ ಬಾವಿ ಅಥವಾ ಬೋರ್‌ವೆಲ್ ನೀರು ಬೇಸಿಗೆಯಲ್ಲಿ ಉಪ್ಪಾಗಿರುವುದುಂಟು. ನಾಲಿಗೆಗೆ ಉಪ್ಪೆನಿಸುವ ನೀರಿನಲ್ಲಿ ತೊಳೆಸುವುದಕ್ಕಿಂತ ತೊಳೆಸದಿರುವುದೇ ಮೇಲು.

ಎರಡು ದಿನ ಬಿಸಿಲಿನಲ್ಲಿ ಒಣಗಿದ ಮೇಲೆ ಸಡಿಲ ಹಾಳೆಗಳನ್ನು ಉಳಿ ಮತ್ತು ಸುತ್ತಿಗೆಯಿಂದ ಕಿತ್ತು, ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಬೇಕು. ಮರಳು ಎರಚಿ ಶುಚಿ ಮಾಡುವ ಸ್ಯಾಂಡ್ ಬ್ಲಾಸ್ಟಿಂಗ್ ಸೌಲಭ್ಯ ಸಿಕ್ಕರೆ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ಆದರೆ ಅದಕ್ಕೆ ಬಾಡಿ ಇಳಿಸಬೇಕು. ಫಾಸ್ಫರಿಕ್ ಆಸಿಡ್ ಅಥವಾ ಟ್ಯಾನಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ದ್ರವ, ತೆಳುವಾಗಿ, ಗಟ್ಟಿಯಾಗಿ ಅಂಟಿ ಉಳಿದ ತುಕ್ಕಿನ ಮೇಲೆ ಕೆಲಸ ಮಾಡುತ್ತದೆ; ಹಾಳೆಯಾಗಿ ಎದ್ದ ತುಕ್ಕಿನ ಮೇಲೆ ಅದನ್ನು ಸುರಿಯುವುದು ಹಣ ಸುರಿದಂತೆ. ಅದರ ಮೇಲೆ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅನಂತರ ಮೇಲಿನ ಬಣ್ಣ. ನಮ್ಮಲ್ಲಿ ಹೆಚ್ಚಿನವರು ಕಬ್ಬಿಣದ ಗೇಟಿಗೆ ಬಳಿಯುವ ರೆಡ್ ಆಕ್ಸೈಡನ್ನೇ ಚಾಸಿಗೂ ಬಳಿದು ಹಾಗೆಯೇ ಬಿಡುತ್ತಾರೆ. ರೆಡ್ ಆಕ್ಸೈಡ್ ಪ್ರೈಮರ್ ಮಾತ್ರ, ತೇವವನ್ನು ಪೂರ್ತಿ ತಡೆಯುವ ಪದರವಲ್ಲ. ಅದರ ಮೇಲೆ ಬಣ್ಣ ಬೀಳದಿದ್ದರೆ ಆ ದುಡಿಮೆ ಮುಂದಿನ ಮಳೆಗಾಲಕ್ಕೂ ಬಾಳುವುದಿಲ್ಲ. ಸತುವಿನ ಪ್ರೈಮರ್ ಬಳಸುವುದಾದರೆ ಅದು ಬರಿಯ ಉಕ್ಕಿಗೆ ತಾಗಿದರಷ್ಟೇ ಫಲ ಕೊಡುತ್ತದೆ ಎಂಬುದನ್ನು ನೆನಪಿಡಬೇಕು.

ಪೆಟ್ಟಿಗೆಪಟ್ಟಿಯ ಒಳಭಾಗಕ್ಕೆ ಬಣ್ಣ ತಲುಪುವುದಿಲ್ಲ. ಅಲ್ಲಿಗೆ ಮೇಣ ಅಥವಾ ಉಣ್ಣೆಯ ಜಿಡ್ಡಿನಿಂದ ತಯಾರಾದ ಒಳಕುಹರದ ಸ್ಪ್ರೇಯನ್ನು ಉದ್ದ ನಳಿಗೆಯಿಂದ ಹೊಡೆಯಬೇಕು. ಇವು ಪೂರ್ತಿ ಗಟ್ಟಿಯಾಗದೆ ಮೆತ್ತಗೆ ಉಳಿಯುವುದರಿಂದ ಸಂದುಗಳೊಳಗೆ ನಿಧಾನವಾಗಿ ಹರಡಿಕೊಳ್ಳುತ್ತವೆ. ಯಾವ ಕೋಟಿಂಗ್ ಮಾಡಿದರೂ ಕೆಳಗಿನ ನೀರು ಹೋಗುವ ತೂತುಗಳು ಮುಚ್ಚಿಹೋಗದಂತೆ ಕೆಲಸ ಮುಗಿದ ಮೇಲೆ ತಂತಿ ಹಾಕಿ ನೋಡಬೇಕು. ಒಂದು ಬಣ್ಣವನ್ನೂ ಬಳಿಯದೆ ಈ ತೂತುಗಳನ್ನು ವರ್ಷಕ್ಕೆರಡು ಬಾರಿ ಬಿಡಿಸಿದ ಗಾಡಿ, ದುಬಾರಿ ಕೋಟಿಂಗಿನಿಂದ ಅವು ಮುಚ್ಚಿಹೋದ ಗಾಡಿಗಿಂತ ಹೆಚ್ಚು ಕಾಲ ಬಾಳುತ್ತದೆ.

ವಾಟರ್ ಸರ್ವಿಸ್ ಆದ ಮೇಲೆ ಅಡಿಗೆ ಡೀಸೆಲ್ ಹೊಡೆಯುವ, ಇಲ್ಲವೇ ಎಂಜಿನ್ನಿನಿಂದ ಇಳಿಸಿದ ಹಳೆಯ ಆಯಿಲ್ ಬಳಿಯುವ ರೂಢಿ ಇದೆ. ಅದರಿಂದ ಏನೂ ಪ್ರಯೋಜನವಿಲ್ಲವೆನ್ನಲಾಗದು, ಎಣ್ಣೆಯ ಪದರ ಇರುವಷ್ಟು ದಿನ ನೀರನ್ನು ತಡೆಯುತ್ತದೆ. ಆದರೆ ಡೀಸೆಲ್ಲಿನ ತೆಳು ಪದರ ಹೆಚ್ಚು ದಿನ ನಿಲ್ಲುವುದಿಲ್ಲ ಮತ್ತು ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ. ಹಳೆಯ ಆಯಿಲಿನಲ್ಲಿ ಉರಿದ ಡೀಸೆಲ್ಲಿನ ಆಮ್ಲಗಳು ಉಳಿದಿರುತ್ತವೆ, ಅದು ತೊಟ್ಟಿಕ್ಕಿ ಮಣ್ಣು, ಬಾವಿಗಳನ್ನೂ ಕೆಡಿಸುತ್ತದೆ. ಖರ್ಚು ಉಳಿಸಲೇಬೇಕೆಂದಿದ್ದರೆ ಹೊಸ ಗೇರ್ ಆಯಿಲನ್ನು ಸ್ವಲ್ಪ ಗ್ರೀಸಿನೊಂದಿಗೆ ಕಲಸಿ ಬ್ರಷ್ಷಿನಿಂದ ಸವರುವುದು ಲೇಸು. ಯಾವುದನ್ನೇ ಬಳಸಿದರೂ ಬ್ರೇಕ್ ಡ್ರಮ್, ಡಿಸ್ಕ್, ಸೈಲೆನ್ಸರ್ ಪೈಪುಗಳಿಗೆ ತಾಗಬಾರದು.

ಏಳನೆಯ ಹೆಜ್ಜೆ: ತೂತಾದ ಜಾಗಕ್ಕೆ ವೆಲ್ಡಿಂಗ್

ತೂತಿನ ಮೇಲೆ ಚೌಕ ತಗಡಿಟ್ಟು ಸುತ್ತಲೂ ಸುಡುವುದು ದುರಸ್ತಿಯಲ್ಲ. ತುಕ್ಕು ತಿಂದ ತೆಳು ತಗಡಿಗೆ ಬೆಸುಗೆ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ತಗಡಿನ ಹಿಂದೆ ನೀರು ನಿಲ್ಲಲು ಹೊಸ ಜೇಬು ಸಿದ್ಧವಾಗುತ್ತದೆ. ಒಳ್ಳೆಯ ದಪ್ಪದ ಉಕ್ಕು ಸಿಗುವವರೆಗೆ ಕತ್ತರಿಸಿ ತೆಗೆದು, ಮೂಲದಷ್ಟೇ ದಪ್ಪದ ತಗಡನ್ನು ಅಲ್ಲಿಗೆ ಕೂರಿಸಿ, ಒಳಗೆ ಅಥವಾ ಪಕ್ಕದಲ್ಲಿ ಬಲಪಟ್ಟಿ ಕೊಡಬೇಕು. ಆ ಬಲಪಟ್ಟಿಯ ತುದಿಗಳು ನೇರವಾಗಿ ಕತ್ತರಿಸಿದ ಗೆರೆಯಾಗಿರದೆ ವಜ್ರಾಕಾರವಾಗಿ ಇಲ್ಲವೇ ಓರೆಯಾಗಿ ಚೂಪುಗೊಂಡಿರಬೇಕು. ಚಾಸಿಗೆ ಅಡ್ಡಲಾಗಿ ನೇರ ಬೆಸುಗೆ ಹಾಕಿದರೆ ಬಿಸಿಯಿಂದ ಗುಣ ಬದಲಾದ ಉಕ್ಕಿನ ಗೆರೆಯಲ್ಲಿಯೇ ಮುಂದೆ ಬಿರುಕು ಹುಟ್ಟುತ್ತದೆ. ಮೇಲಿನ, ಕೆಳಗಿನ ಅಂಚುಗಳ ತುದಿಗೆ ಬೆಸುಗೆ ತಾಗಿಸಬಾರದು, ಅಲ್ಲಿ ಹೊಸ ತೂತುಗಳನ್ನೂ ಕೊರೆಯಬಾರದು.

ಕತ್ತರಿಸುವ ಮುಂಚೆ ಗಾಡಿಯನ್ನು ಹಲವು ಕಡೆ ಸಮನಾಗಿ ಆಧರಿಸಿ, ಚಾಸಿಯ ಎದುರು ಮೂಲೆಗಳ ಅಳತೆಯನ್ನು ಟೇಪಿನಿಂದ ಹಿಡಿದು ಬರೆದುಕೊಳ್ಳಬೇಕು; ಬಾಗಿದ ಸ್ಥಿತಿಯಲ್ಲಿ ಬೆಸೆದ ಚಾಸಿ ಶಾಶ್ವತವಾಗಿ ಬಾಗಿಯೇ ಉಳಿದು ಟೈರುಗಳನ್ನು ತಿನ್ನುತ್ತದೆ. ಬ್ಯಾಟರಿಯ ಎರಡೂ ವೈರುಗಳನ್ನು ಬಿಚ್ಚಬೇಕು. ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಎಂ, ಇರುವ ಗಾಡಿಗಳಲ್ಲಿ ಅದರ ಜೋಡಣೆಯನ್ನೂ ಬಿಚ್ಚುವುದು ಉತ್ತಮ. ವೆಲ್ಡಿಂಗ್ ಯಂತ್ರದ ಅರ್ತ್ ಕ್ಲಿಪ್ಪನ್ನು ಬೆಸುಗೆಯ ಜಾಗಕ್ಕೆ ಹತ್ತಿರವಾಗಿ ಹಾಕಬೇಕು, ಹತ್ತಿರದ ಬ್ರೇಕ್ ಪೈಪು, ಡೀಸೆಲ್ ಪೈಪು, ವೈರಿಂಗನ್ನು ಸರಿಸಬೇಕು. ಸಾಮಾನ್ಯ ಗೇಟು, ಗ್ರಿಲ್ ಕೆಲಸದ ವೆಲ್ಡರ್‌ಗಿಂತ ಲಾರಿ ಚಾಸಿಯ ಕೆಲಸ ಮಾಡಿ ಅನುಭವವಿರುವ, ಸಿಒ2 (ಇಂಗಾಲದ ಡೈಆಕ್ಸೈಡ್ ಅನಿಲ ಬಳಸುವ) ವೆಲ್ಡಿಂಗ್ ಯಂತ್ರವಿರುವ ಕಡೆಗೆ ಹೋಗುವುದು ಮೇಲು. ಬೆಸುಗೆ ಆರಿದ ಮೇಲೆ ಒಳಗಿನ ಸುಟ್ಟ ಬಣ್ಣದ ಜಾಗಕ್ಕೆ ಮೇಣದ ಸ್ಪ್ರೇ ಹೋಗದಿದ್ದರೆ ಮುಂದಿನ ತೂತು ಅದರ ಪಕ್ಕದಲ್ಲಿಯೇ ಬೀಳುತ್ತದೆ.

ಒಂದು ಕಡೆಯ ಪಟ್ಟಿಯಲ್ಲಿ, ಸ್ಪ್ರಿಂಗ್ ಹ್ಯಾಂಗರಿನಿಂದ ದೂರದಲ್ಲಿ ಬಿದ್ದ ಒಂದೆರಡು ತೂತುಗಳಿಗೆ ಈ ಕೆಲಸ ಮಾಡಿಸಬಹುದು. ಎರಡೂ ಪಟ್ಟಿಗಳ ಕೆಳ ಅಂಚು ಉದ್ದಕ್ಕೂ ತೆಳ್ಳಗಾಗಿದ್ದರೆ, ಹ್ಯಾಂಗರಿನ ಬುಡವೇ ಕೊಳೆತಿದ್ದರೆ, ಸ್ಟಿಯರಿಂಗ್ ಬಾಕ್ಸಿನ ಬಳಿ ತೂತಿದ್ದರೆ ಆ ಗಾಡಿಗೆ ಮತ್ತೆ ಒಂದು ಟನ್ ಹೊರೆ ಹಾಕುವ ಯೋಚನೆ ಬಿಡಬೇಕು. ಅಂಥ ಗಾಡಿಯನ್ನು ಬಿಡಿಭಾಗಗಳಿಗಾಗಿ ಮಾರುವಾಗ ನೋಂದಣಿ ರದ್ದಾಗದಿದ್ದರೆ ತೆರಿಗೆ ಮತ್ತು ಹೊಣೆ ಹಳೆಯ ಮಾಲೀಕನ ಹೆಸರಿನಲ್ಲಿಯೇ ಉಳಿಯುತ್ತವೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ, ಅಂದರೆ ಗಾಡಿಯನ್ನು ಗುಜರಿಗೆ ಒಪ್ಪಿಸಿದ ದಾಖಲೆ, ಪಡೆದರೆ ಹೊಸ ಗಾಡಿ ಕೊಳ್ಳುವಾಗ ತೆರಿಗೆಯಲ್ಲಿ ರಿಯಾಯಿತಿ ಕೇಳಲು ಅವಕಾಶವಿದೆ.

ಎಂಟನೆಯ ಹೆಜ್ಜೆ: ವರ್ಷದ ಕ್ರಮ

ಮೀನು ಸಾಗಿಸುವ ಗಾಡಿಯಲ್ಲಿ ಮೊದಲು ಮಾಡಿಸಬೇಕಾದದ್ದು ಬಾಡಿಯ ನೆಲದ ಸಂದುಗಳನ್ನು ಮುಚ್ಚಿ, ನೀರನ್ನು ಒಂದು ಪೈಪಿನ ಮೂಲಕ ಚಾಸಿಗೆ ತಾಗದಂತೆ ಸಂಗ್ರಹದ ಡಬ್ಬಿಗೆ ಇಳಿಸುವ ವ್ಯವಸ್ಥೆ. ಮೀನಿನ ನೀರು ರಸ್ತೆಗೆ ಸುರಿದು ಬೈಕ್ ಸವಾರರು ಜಾರಿ ಬೀಳುವ ದೂರು ಕರಾವಳಿಯಲ್ಲಿ ಹಳೆಯದು; ಆ ದೂರನ್ನೂ ತುಕ್ಕನ್ನೂ ಒಂದೇ ಪೈಪು ತಪ್ಪಿಸುತ್ತದೆ. ನೆಲಕ್ಕೆ ಸ್ಟೇನ್‌ಲೆಸ್ ಅಥವಾ ಅಲ್ಯೂಮಿನಿಯಂ ತಗಡು ಹಾಕಿಸುವವರು ಅದು ಬಾಡಿಯ ಸಾಮಾನ್ಯ ಉಕ್ಕಿಗೆ ನೇರವಾಗಿ ತಾಗದಂತೆ ನಡುವೆ ರಬ್ಬರ್ ಕೊಡಬೇಕು, ಏಕೆಂದರೆ ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ತಾಗಿದ್ದರೆ ಅವುಗಳಲ್ಲೊಂದು ವೇಗವಾಗಿ ಕರಗುತ್ತದೆ: ಸ್ಟೇನ್‌ಲೆಸ್ ಹಾಕಿದರೆ ಬಾಡಿಯ ಉಕ್ಕು, ಅಲ್ಯೂಮಿನಿಯಂ ಹಾಕಿದರೆ ಅಲ್ಯೂಮಿನಿಯಮ್ಮೇ.

ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಹೆಚ್ಚಿನ ಮಾಲೀಕರು ಗಾಡಿಯ ಕೆಲಸವನ್ನೆಲ್ಲ ಆ ಎರಡು ತಿಂಗಳಿಗೆ ಇಟ್ಟುಕೊಳ್ಳುತ್ತಾರೆ. ಪರೀಕ್ಷೆಗೂ ವೆಲ್ಡಿಂಗಿಗೂ ಅದು ಸರಿಯಾದ ಸಮಯ, ಬಣ್ಣಕ್ಕೆ ಅಲ್ಲ. ಜಡಿಮಳೆಯ ಗಾಳಿಯಲ್ಲಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಸದಾ ಇರುತ್ತದೆ, ಅದರ ಮೇಲೆ ಬಳಿದ ಎಪಾಕ್ಸಿ ಅಂಟಿ ನಿಲ್ಲುವುದಿಲ್ಲ. ಬಣ್ಣದ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್ ನಡುವಿನ ಒಣ ದಿನಗಳಲ್ಲಿ, ನಾಲ್ಕು ದಿನ ಬಾಡಿಗೆ ತಪ್ಪಿದರೂ ಸರಿಯೆಂದು, ಮಾಡಿಸಬೇಕು. ನಿಷೇಧದ ಅವಧಿಗೆ ಗಾಡಿ ನಿಲ್ಲಿಸುವ ದಿನ ಮೇ ಕೊನೆಯಲ್ಲಿ ಸಿಹಿನೀರಿನಿಂದ ಒಳಗೂ ಹೊರಗೂ ತೊಳೆದು, ತೂತುಗಳಿಗೆ ತಂತಿ ಹಾಕಿ, ಒಳಗೆ ಮೇಣದ ಸ್ಪ್ರೇ ಹೊಡೆದು, ಹಿಂಭಾಗ ಸ್ವಲ್ಪ ತಗ್ಗಿರುವಂತೆ ಇಳಿಜಾರಿನಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿದರೆ ಪಟ್ಟಿಯೊಳಗೆ ಸೇರಿದ ನೀರು ಹಿಂದಿನ ತೆರೆದ ತುದಿಯಿಂದ ಹೊರಗೆ ಹೋಗುತ್ತದೆ.